ವಿಮಾನ ಕೂಡಿಸುವ ಹುಲಗಪ್ಪಜ್ಜ

ನನ್ನ ಅಕ್ಷರ ಸೊಟ್ಟ, ಬರೆಯಲು ಮಾತೂ ಕಡಿಮೆ, ಬೇಸರಿಸದೆ ಓದಿ. ಗಂಗಾವತಿಯ ಗದ್ದೆಗಳಿಗೆ ಔಷಧಿ ಸಿಂಪಡಿಸುತ್ತಿದ್ದ ವಿಮಾನವೊಂದು ನಾನು ಹುಟ್ಟುವ ಮೊದಲೇ ಬಿದ್ದು, ಅದರ ತುಂಡುಗಳು ಊರೂರಿನ ಮನೆ ಸೇರಿ ಚಪ್ಪರ, ಕೋಳಿಗೂಡುಗಳಾಗಿದ್ದವು. ಹುಲಗಪ್ಪಜ್ಜ ಅವನ್ನು ಹುಡುಕಿ ಮತ್ತೆ ಜೋಡಿಸುತ್ತಿದ್ದಾರೆ. ಬಸ್ಸಿನಲ್ಲಿ ಕೂತರೂ ಅವರ ಕಣ್ಣು ಮಂದಿಯ ಚಪ್ಪರದ ಮೇಲೆ. ಹಳೆಯ ತಗಡು ಕೊಟ್ಟವರಿಗೆ ಹೊಸದನ್ನು ಹೊತ್ತು ತಂದುಕೊಡುತ್ತಾರೆ. “ಅಜ್ಜಾ, ನಮ್ಮ ಕೋಳಿಗೂಡು ಹಾರತೈತೇನ?” ಎಂದು ನೆರೆಮನೆಯ ದುರುಗವ್ವ ಕೆಣಕಿದರೆ, “ನಿನ್ನ ಕೋಳಿಗಿಂತ ಛಲೋ ಹಾರತಿತ್ತು ಬಿಡವಾ” ಎನ್ನುತ್ತಾರೆ. ಸಂಜೆ ದಣಿದು ವಿಮಾನದ ಪಕ್ಕದಲ್ಲೇ ಒರಗುತ್ತಾರೆ, ಅದರ ಸೀಟಿನಲ್ಲಿ ಮಾತ್ರ ಯಾರನ್ನೂ ಕೂರಿಸುವುದಿಲ್ಲ. ವಿಮಾನ ಬಿದ್ದ ದಿನ ಪೈಲಟನ ಹೆಣವನ್ನು ಹೊರಗೆಳೆದವರು ಅವರೇ. “ಆತನ ಮಗಳು ಅಪ್ಪನ ಮುಖಾನ ನೋಡಿಲ್ಲ. ಯುಗಾದಿಗೆ ಬರ್ತಾಳ, ಮೊದ್ಲ ಆಕಿ ಕೂಡ್ಲಿ” ಎಂದರು. ಈ ವಿಮಾನದ ರೆಕ್ಕೆಗೆ ತಗಡಲ್ಲ, ಬಟ್ಟೆಯ ಹೊದಿಕೆ; ಅದನ್ನು ಹೊಲಿಯುವುದು ಇನ್ನೂ ಬಾಕಿ, ಅಜ್ಜನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ನಾಳೆ ಬೆಳಿಗ್ಗೆಯಿಂದ ನಾನು ಹೊಲಿಯುತ್ತೇನೆ.