ಮೂರನೆಯ ಹಾವು

ಮೂರನೆಯ ಹಾವನ್ನು ಆರಿಸುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಮೊದಲ ಎರಡಕ್ಕೂ ಕೇಳಿರಲಿಲ್ಲ, ಆದರೆ ಆಗ ಒಂದಿಷ್ಟು ಸಂಕೋಚವಿತ್ತು. ಯಾರಾದರೂ ಮನೆಗೆ ಬಂದರೆ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸುತ್ತಿದ್ದೆ. ಮಸ್ಕತ್ತಿನ ದಾರ್ಸೈಟ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಮ್ಮನ ಜೊತೆ ಇರುವ, ಮದುವೆಯಾಗದ, ನಲವತ್ತು ದಾಟಿದ ಹೆಂಗಸು ಹಾವು ಸಾಕುತ್ತಾಳೆ ಎಂದರೆ ಜನ ಆಡಿಕೊಳ್ಳದೆ ಬಿಡುತ್ತಾರೆಯೇ? "ಗಂಡನ್ನ ಸಾಕ್ಲಿಕ್ಕೆ ಆಗ್ಲಿಲ್ಲ, ಹಾವು ಸಾಕ್ತಾಳೆ" ಎಂದು ಒಬ್ಬಾಕೆ ಹೇಳಿದ್ದು ಸುತ್ತಿ ಬಳಸಿ ನನ್ನ ಕಿವಿಗೂ ಬಿತ್ತು. ಹೋಲಿಕೆಯಲ್ಲಿ ಹಾವೇ ಗೆಲ್ಲುತ್ತದೆ ಎಂದು ನನಗನ್ನಿಸಿತು. ಅದು ವಾರಕ್ಕೊಮ್ಮೆ ತಿನ್ನುತ್ತದೆ, ಉಪ್ಪು ಕಡಿಮೆಯಾಯಿತು ಎನ್ನುವುದಿಲ್ಲ.

ಮೊದಲನೆಯದು ಕಾರ್ನ್ ಸ್ನೇಕ್, ಕಿತ್ತಳೆ ಬಣ್ಣದ ತೆಳ್ಳಗಿನ ಹಾವು. ಕೆಲಸ ಬಿಟ್ಟು ಮನಿಲಾಗೆ ಹೊರಟ ಸಹೋದ್ಯೋಗಿಯೊಬ್ಬಳು ಅದನ್ನು ಎಲ್ಲಿ ಬಿಡಲಿ ಎಂದು ಕಚೇರಿಯಲ್ಲಿ ಕಣ್ಣೀರು ಹಾಕುತ್ತಿದ್ದಾಗ, ಒಂದು ವಾರ ನಾನಿಟ್ಟುಕೊಳ್ಳುತ್ತೇನೆ ಎಂದೆ. ಆ ವಾರ ಇನ್ನೂ ಮುಗಿದಿಲ್ಲ. ಎರಡನೆಯದು ಬಾಲ್ ಪೈಥಾನ್, ಕೈಗೆತ್ತಿಕೊಂಡರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸುವ ಪುಕ್ಕಲು. ಎರಡಕ್ಕೂ ವಿಷವಿಲ್ಲ, ಸಿಟ್ಟೂ ಇಲ್ಲ. ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು, ಅಡಗಲು ಒಂದು ಗೂಡು, ಕುಡಿಯಲು ನೀರು ಇದ್ದರೆ ಆಯಿತು. ನಾವು ಮಾಡುವ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಅವು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಕೆಲವು ವರ್ಷ ಇವನ್ನು ಸಾಕಿದ ಮೇಲೆ, ನನ್ನ ತಪ್ಪನ್ನು ಕ್ಷಮಿಸದ ಒಂದು ಹಾವು ಬೇಕು ಎನ್ನಿಸತೊಡಗಿತು. ಈ ಆಸೆಯನ್ನು ಯಾರಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅನ್ನ ಸಾರು ಮಾಡಲು ಕಲಿತವಳಿಗೆ ಒಂದು ದಿನ ನೀರುದೋಸೆ ಹರಿಯದಂತೆ ಎಬ್ಬಿಸಬೇಕು ಅನ್ನಿಸುತ್ತದಲ್ಲ, ಹಾಗೆ.

ಯಾವುದು ಎಂಬುದೇ ಪ್ರಶ್ನೆಯಾಯಿತು. ಕಾರ್ಪೆಟ್ ಪೈಥಾನ್ ಚಂದ, ಆದರೆ ನಮ್ಮಿಬ್ಬರಿಗಿಂತ ಉದ್ದ ಬೆಳೆಯುತ್ತದೆ. ಅದನ್ನು ತಂದರೆ ಅಮ್ಮನ ಮಂಚವನ್ನು ಹೊರಗೆ ಹಾಕಬೇಕು. ಹಸಿರು ಮರ ಹೆಬ್ಬಾವು ಕೊಂಬೆಯ ಮೇಲೆ ಸುರುಳಿ ಸುತ್ತಿ ಕೂತದ್ದು ಕೂತೇ ಇರುತ್ತದೆ, ಮುಟ್ಟಿದರೆ ಕಚ್ಚುತ್ತದೆ. ಅಂಥವರು ಕಚೇರಿಯಲ್ಲೇ ಸಾಕಷ್ಟಿದ್ದಾರೆ.

ಈ ನಡುವೆ ರೂವಿಯಲ್ಲಿ ಅಂಗಡಿಯಿಟ್ಟಿರುವ, ಉಳ್ಳಾಲ ಕಡೆಯ ಬ್ಯಾರಿ ಗೆಳೆಯನೊಬ್ಬ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದ. ಎರಡು ಗಂಟೆ ದಾರಿಯ ಸೂರ್‌ಗೆ ಸಾಮಾನು ಹಾಕಿ ಬರುವಾಗ ಮರಳಿನಲ್ಲಿ ಸಿಕ್ಕಿತಂತೆ. ಮುಚ್ಚಳ ತೆಗೆದರೆ ಒಳಗೆ ಸಣ್ಣದೊಂದು ಮರಳು ಹಾವು, ನೆತ್ತಿಯ ಮೇಲೆ ಎರಡು ಪುಟ್ಟ ಕಣ್ಣು.

"ಅಕ್ಕಾ, ಫ್ರೀ. ನಿಮ್ಗೆ ಹೊಸದು ಬೇಕು ಹೇಳಿದ್ರಲ್ಲ? ಖಲಾಸ್, ಇಟ್ಕೊಳ್ಳಿ."

"ಅದಕ್ಕೆ ಮನೆ ಉಂಟು ಮಾರಾಯ. ನೀನು ಅಲ್ಲಿಂದಲೇ ಎತ್ತಿ ತಂದದ್ದು. ವಾಪಸ್ ಬಿಟ್ಟು ಬಾ."

"ಸೂರ್‌ಗಾ? ಈಗ?"

"ಈಗ ಅಲ್ಲದೆ ಮತ್ತೆ? ಯಲ್ಲಾ, ನಡಿ!"

ಅವನು ಗೊಣಗುತ್ತ ಹೋದ. ನಾನೂ ಜೊತೆಗೆ ಹೋದೆ, ಅವನು ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಟ್ಟಾನು ಎಂದು. ಹಿಡಿದ ಜಾಗದಲ್ಲೇ ಬಿಡಿಸಿದೆ. ಬಿಟ್ಟ ಕೂಡಲೆ ಅದು ಮರಳಿನೊಳಗೆ ಮುಳುಗಿ ಕಾಣೆಯಾಯಿತು. ಯಾರದೋ ಮನೆಯನ್ನು ಕಿತ್ತುಕೊಂಡು ನನ್ನ ಮನೆಯನ್ನು ತುಂಬಿಸುವ ಹುಚ್ಚು ನನಗಿಲ್ಲ.

ಕೊನೆಗೆ ನನ್ನ ಮನಸ್ಸು ನಿಂತದ್ದು ರೈನ್‌ಬೋ ಬೋವಾದ ಮೇಲೆ. ಕೆಂಗಂದು ಮೈ, ಬೆನ್ನ ಮೇಲೆ ಕಪ್ಪು ಬಳೆಗಳು. ನೆರಳಲ್ಲಿ ನೋಡಿದರೆ ವಿಶೇಷವೇನಿಲ್ಲ. ಬೆಳಕು ಬಿದ್ದರೆ ಮಾತ್ರ, ಬಂದರಿನ ನೀರಿನ ಮೇಲೆ ಡೀಸೆಲ್ ಹರಡಿದಂತೆ ನೀಲಿ, ನೇರಳೆ, ಹಸಿರು ಎಲ್ಲ ಮೈಮೇಲೆ ಓಡಾಡುತ್ತವೆ. ಸೀಬ್‌ನಲ್ಲಿರುವ ಒಬ್ಬ ಒಮಾನಿ ಇಂಜಿನಿಯರ್ ಹಾವುಗಳಿಗೆಂದೇ ಒಂದು ಕೋಣೆ ಮಾಡಿಟ್ಟಿದ್ದಾನೆ. ಅಲ್ಲೇ ಹುಟ್ಟಿದ ಮರಿ. ನಾನು ನೋಡುತ್ತಲೇ ಇದು ಬೇಕು ಎಂದೆ. ಅವನು ಕೊಡಲಿಲ್ಲ.

"ಇದಕ್ಕೆ ಗಾಳಿಯಲ್ಲಿ ತೇವ ಬೇಕು ಸಿಸ್ಟರ್, ಹಗಲೂ ರಾತ್ರಿ," ಎಂದ ಅರ್ಧ ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ. "ಒಣಗಿದರೆ ಪೊರೆ ಸರಿಯಾಗಿ ಬಿಡುವುದಿಲ್ಲ, ಆಮೇಲೆ ಊಟ ಬಿಡುತ್ತದೆ. ಮೊದಲು ಖಾಲಿ ಪೆಟ್ಟಿಗೆಯನ್ನು ಒಂದು ತಿಂಗಳು ಸಾಕಿ. ತೇವ ಇಳಿಯದಿದ್ದರೆ ಬನ್ನಿ, ಹಾವು ನಿಮ್ಮದು."

ಖಾಲಿ ಪೆಟ್ಟಿಗೆಯನ್ನು ಸಾಕುವುದು ಸುಲಭವಲ್ಲ ಎಂದು ಆಗ ಗೊತ್ತಾಯಿತು. ಮಸ್ಕತ್ತಿನ ಹವೆ ಒಂದು ವಿಚಿತ್ರ. ಹೊರಗೆ ಅಂಗಿ ಮೈಗೆ ಅಂಟುವಷ್ಟು ತೇವ, ಒಳಗೆ ಏಸಿ ಹಾಕಿದರೆ ತುಟಿ ಒಡೆಯುವಷ್ಟು ಒಣ. ಪೆಟ್ಟಿಗೆಗೆ ಪಾಚಿ ಹಾಸಿದೆ, ಗಿಡ ಇಟ್ಟೆ, ತೇವದ ಮಾಪಕ ಅಂಟಿಸಿದೆ. ಬೆಳಿಗ್ಗೆ ನೀರು ಸಿಂಪಡಿಸಿ ಹೋದರೆ ಮಧ್ಯಾಹ್ನಕ್ಕೆ ಮುಳ್ಳು ಕೆಳಗಿಳಿದಿರುತ್ತಿತ್ತು. ನಾನಾಗ ರೂವಿಯ ಕಚೇರಿಯಲ್ಲಿ ಹಡಗಿನ ಸಾಮಾನಿನ ಕಾಗದಪತ್ರಗಳ ನಡುವೆ ಕೂತಿರುತ್ತಿದ್ದೆ. ಉಳಿದದ್ದು ಅಮ್ಮ. ಅಮ್ಮನಿಗೆ ಹಾವೆಂದರೆ ಪ್ರಾಣಭಯ, ನಾನು ಪೆಟ್ಟಿಗೆ ತೆರೆದರೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಒಳಗಿನಿಂದಲೇ "ಅವಕ್ಕೆ ಊಟ ಆಯ್ತಾ?" ಎಂದು ಕೇಳುತ್ತಾಳೆ. ಆದರೂ ಒಪ್ಪಿಕೊಂಡಳು.

"ಖಾಲಿ ಡಬ್ಬಕ್ಕೆ ಹೆದರುವುದು ಎಂತಕ್ಕೆ? ಗಿಡಕ್ಕೆ ನೀರು ಹಾಕಿದ ಹಾಗೆ."

ದಿನಾ ಮಧ್ಯಾಹ್ನ ಅಮ್ಮ ಖಾಲಿ ಪೆಟ್ಟಿಗೆಗೆ ನೀರು ಸಿಂಪಡಿಸತೊಡಗಿದಳು. ಸ್ವಲ್ಪ ದಿನಕ್ಕೆ ಮಾಪಕದ ಮುಳ್ಳು ಇಳಿಯುವುದು ನಿಂತಿತು, ಅದು ಎಲ್ಲಿದೆ ಎಂದು ನನಗೆ ಫೋನ್ ಮಾಡಿ ಹೇಳುವ ಅಭ್ಯಾಸವೂ ಆಯಿತು.

ಅಷ್ಟರಲ್ಲಿ ಅಕ್ಟೋಬರ್ ಬಂತು. ನಮ್ಮಂಥ ಕೊಂಕಣಿ ಕ್ರೈಸ್ತರಿಗೆ ಅದು ಜಪಮಾಲೆಯ ತಿಂಗಳು. ಮಾತೆ ಮರಿಯಮ್ಮನ ಒಂದು ಪ್ರತಿಮೆ ನಮ್ಮ ಪ್ರಾರ್ಥನಾ ಕೂಟದ ಮನೆಯಿಂದ ಮನೆಗೆ ಹೋಗುತ್ತದೆ. ಹೋದ ಮನೆಯಲ್ಲಿ ಆ ಸಂಜೆ ಎಲ್ಲರೂ ಕೂಡಿ, ಇಲ್ಲಿ ಚರ್ಚಿನ ಹೊರಗೆ ಗುಂಪಾಗಿ ಪ್ರಾರ್ಥಿಸುವಂತಿಲ್ಲವಾದ್ದರಿಂದ ಬಾಗಿಲು ಹಾಕಿ, ಮೆಲುದನಿಯಲ್ಲಿ ಜಪಮಾಲೆ ಹೇಳುತ್ತಾರೆ. ಆಮೇಲೆ ತೆಂಗಿನಕಾಯಿ ಹಾಕಿದ ಕಡಲೆ, ಚಹಾ. ಪ್ರತಿಮೆ ಅಂದು ಅಲ್ಲೇ ಉಳಿಯುತ್ತದೆ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಈ ಊರಲ್ಲಿ ಅಮ್ಮ ವರ್ಷವಿಡೀ ಕಾಯುವುದು ಆ ಒಂದು ಸಂಜೆಗೆ. ಕಸೂತಿಯ ಬಿಳಿ ಬಟ್ಟೆಯನ್ನು ಇಸ್ತ್ರಿ ಮಾಡಿ ತಿಂಗಳ ಮೊದಲೇ ಇಟ್ಟಿದ್ದಳು. ಊರಿನ ಮಲ್ಲಿಗೆ ವಿಮಾನದಲ್ಲಿ ಬರುವ ಅಂಗಡಿಗೆ ಹೇಳಿಯೂ ಇಟ್ಟಿದ್ದಳು.

ಪ್ರತಿಮೆ ಎಲ್ಲಿಡುವುದು ಎಂದು ನೋಡಲು ಕೂಟದ ಮುಖ್ಯಸ್ಥೆ ಇನ್ನೊಬ್ಬಾಕೆಯ ಜೊತೆ ಬಂದದ್ದು ಮಧ್ಯಾಹ್ನ, ಸರಿಯಾಗಿ ಅಮ್ಮ ನೀರು ಸಿಂಪಡಿಸುವ ಹೊತ್ತಿಗೆ. ಬಟ್ಟೆ ಹೊದಿಸಿದ ಎರಡು ಪೆಟ್ಟಿಗೆ ಅವರಿಗೆ ಗೊತ್ತಿದ್ದದ್ದೇ; ಇಷ್ಟು ವರ್ಷ ಕಂಡೂ ಕಾಣದ ಹಾಗೆ ಇದ್ದರು. ಈಗ ಮೂರನೆಯದೊಂದು ಪೆಟ್ಟಿಗೆ, ಬಾಗಿಲು ತೆರೆದದ್ದು, ಒಳಗೆಲ್ಲ ಒದ್ದೆ, ಹಾವಿಲ್ಲ. ಇಬ್ಬರೂ ಸೋಫಾದ ಮೇಲೆ ಕಾಲೆತ್ತಿ ಕೂತರಂತೆ.

"ಇದರದ್ದು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗ್ಲಿಲ್ಲ. ಇದರದ್ದು ಇನ್ನು ಬರ್ಬೇಕಷ್ಟೆ," ಎಂದು ಅಮ್ಮ ಸಮಾಧಾನ ಹೇಳಿದಳು. ಅದರಿಂದಲೇ ಕೆಟ್ಟಿತು.

ಸಂಜೆ ನನಗೆ ಮುಖ್ಯಸ್ಥೆಯ ಫೋನ್ ಬಂತು.

"ನೋಡು, ಒಂದು ಎರಡು ಅಂದ್ರೆ ಶೋಕಿ ಅನ್ನುವ. ಮೂರು ಅಂದ್ರೆ ಜನ ಕೇಳ್ತಾರೆ. ಮಾತೆ ಸರ್ಪದ ತಲೆ ಮೆಟ್ಟಿದವಳು, ಪ್ರತಿಮೆ ನೋಡಿದ್ದೀಯಲ್ಲ. ಹಾವು ತುಂಬಿಸಿದ ಮನೆಗೆ ಅವಳನ್ನು ಹೇಗೆ ತರುವುದು?"

"ಅವಳು ಬರುವಾಗ ತನ್ನದನ್ನು ಕಾಲಡಿ ಇಟ್ಕೊಂಡೇ ಬರ್ತಾಳಲ್ಲ? ಅದಕ್ಕೆ ಜಾಗ ಉಂಟು ನಮ್ಮಲ್ಲಿ."

ನಾಲಗೆಯ ತುದಿಗೆ ಬಂದ ಮಾತನ್ನು ನುಂಗುವ ಕಲೆ ನನಗೆ ಯಾರೂ ಕಲಿಸಿಲ್ಲ. ಆ ಕಡೆಯಿಂದ ತೀರ್ಪು ಬಂತು. ಮೂರನೆಯದನ್ನು ತರುವುದಿಲ್ಲ ಎಂದು ಮಾತು ಕೊಟ್ಟರೆ ಪ್ರತಿಮೆ ನಮ್ಮ ಮನೆಗೆ. ಇಲ್ಲವಾದರೆ ನಮ್ಮ ಸರದಿ ಎದುರಿನ ಫ್ಲ್ಯಾಟಿಗೆ, ನಾವು ಬೇಕಿದ್ದರೆ ಅಲ್ಲಿಗೆ ಹೋಗಿ ಕೂತುಕೊಳ್ಳಬಹುದು.

ಎದುರಿನ ಫ್ಲ್ಯಾಟಿನಾಕೆ ಒಳ್ಳೆಯವಳು, ಉಡುಪಿ ಕಡೆಯವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ಈಗ ಹ್ಞೂಂ ಹೇಳು. ನವೆಂಬರ್‌ನಲ್ಲಿ ತಂದ್ಕೋ. ಯಾರು ನೋಡ್ತಾರೆ?" ಎಂದಳು. ನನಗೆ ಅದು ಇನ್ನೂ ಅವಮಾನವೆನ್ನಿಸಿತು. ಕಳ್ಳಬಟ್ಟಿ ತರುವ ಹಾಗೆ ನನ್ನ ಹಾವನ್ನು ನಾನೇಕೆ ತರಬೇಕು? ಮಾತು ಕೊಡುವುದಿಲ್ಲ ಎಂದು ಮುಖ್ಯಸ್ಥೆಗೆ ಹೇಳಿಬಿಟ್ಟೆ.

ಅಮ್ಮ ಮಲ್ಲಿಗೆಯ ಅಂಗಡಿಗೆ ಫೋನ್ ಮಾಡಿ ಬೇಡವೆಂದಳು. ಇಸ್ತ್ರಿ ಮಾಡಿಟ್ಟ ಬಿಳಿ ಬಟ್ಟೆಯನ್ನು ಕಪಾಟಿನ ಒಳಗೆ, ಚಳಿಗಾಲದ ಹೊದಿಕೆಗಳ ಅಡಿಗೆ ಸೇರಿಸಿದಳು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನಾನು ಕಂಡೆ. ಯಾರ ಮಾತಿಗೂ ಬಗ್ಗದ ನಾನು ಆ ಬೆನ್ನಿಗೆ ಸೋತೆ. ಜಗಳಕ್ಕೆ ಬಂದಿದ್ದರೆ ಗೆಲ್ಲುತ್ತಿದ್ದೆ. ಬಾಲ್ಕನಿಗೆ ಹೋಗಿ ಸೀಬ್‌ನವನಿಗೆ ಫೋನ್ ಮಾಡಿದೆ. ಮರಿಯನ್ನು ಬೇರೆ ಯಾರಿಗಾದರೂ ಕೊಡಿ, ನನಗೆ ಅನುಕೂಲವಿಲ್ಲ ಎಂದೆ. ಇಟ್ಟ ಮೇಲೂ ಫೋನಿನಲ್ಲಿದ್ದ ಮರಿಯ ಫೋಟೋ ನೋಡುತ್ತ ನಿಂತೆ. ಒಂದು ಹಾವಿನ ಮರಿಗೆ ಇಷ್ಟೇಕೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ತಿರುಗಿದರೆ ಬಾಗಿಲಲ್ಲಿ ಅಮ್ಮ.

"ಯಾರನ್ನು ಕೇಳಿ ಬೇಡ ಹೇಳಿದ್ದು?"

"ನಿನಗೋಸ್ಕರ."

"ನನ್ನ ಹೆಸರು ಹಾಕ್ಬೇಡ. ನಾನು ಬೇಡ ಹೇಳಿದ್ನಾ? ನಾಳೆ ನಾನು ಸತ್ತ ಮೇಲೆ ಅಮ್ಮನಿಗೋಸ್ಕರ ಬಿಟ್ಟೆ ಅಂತ ಊರಿಡೀ ಹೇಳ್ಕೊಂಡು ತಿರುಗ್ತೀ. ನನಗೆ ಆ ಪುಣ್ಯ ಬೇಡ."

"ಮಾತೆ ಬರುವುದಿಲ್ಲವಲ್ಲ ಅಮ್ಮ."

"ಬರದಿದ್ರೆ ನಾನು ಹೋಗ್ತೇನೆ, ಎದುರಿನ ಬಾಗಿಲು ತಾನೆ. ತಿಂಗಳಿಂದ ಆ ಡಬ್ಬಕ್ಕೆ ನೀರು ಹಾಕಿ ನನ್ನ ಬೆರಳು ನೋಯ್ತದೆ. ಖಾಲಿ ಡಬ್ಬಕ್ಕಾ ನಾನು ನೀರು ಹಾಕಿದ್ದು? ಆ ಮನುಷ್ಯನಿಗೆ ಈಗಲೇ ಫೋನ್ ಮಾಡು."

ನಾನು ಮಾಡಿದೆ. "ನೀವು ಮತ್ತೆ ಫೋನ್ ಮಾಡುತ್ತೀರಿ ಎಂದು ಗೊತ್ತಿತ್ತು, ಮರಿಯನ್ನು ಕೊಡುತ್ತೇನೆಂದು ಇನ್ನೂ ಯಾರಿಗೂ ಹೇಳಿಲ್ಲ" ಎಂದು ಅವನು ನಕ್ಕ. ಶುಕ್ರವಾರ ಬರಲು ಹೇಳಿದ.

ಪ್ರತಿಮೆ ಎದುರಿನ ಫ್ಲ್ಯಾಟಿಗೆ ಬಂದದ್ದು ಅದರ ಹಿಂದಿನ ದಿನ, ಗುರುವಾರ ಸಂಜೆ. ನಾನು ಹೋಗುವುದಿಲ್ಲ ಎಂದಿದ್ದೆ. ಅಮ್ಮ ಒಳ್ಳೆಯ ಸೀರೆ ಉಟ್ಟು, ಕಪಾಟಿನಿಂದ ಬಿಳಿ ಬಟ್ಟೆ ತೆಗೆದು ಕೈಮೇಲೆ ಹಾಕಿಕೊಂಡು, "ಏಳು" ಎಂದಳು. ಎದ್ದೆ. ಆ ಬಟ್ಟೆಯನ್ನು ಅವಳೇ ಅಲ್ಲಿನ ಮೇಜಿಗೆ ಹಾಸಿದಳು, ಅದರ ಮೇಲೆ ಪ್ರತಿಮೆ ಇಡುವವರೆಗೆ ಕದಲಲಿಲ್ಲ. ಕೂಟದ ಹೆಂಗಸರು ನನಗೆ ಸೋಫಾದಲ್ಲಿ ಜಾಗ ಬಿಟ್ಟರು, ಸ್ವಲ್ಪ ಜಾಸ್ತಿಯೇ ಬಿಟ್ಟರು.

ಜಪಮಾಲೆ ಮುಗಿದ ಮೇಲೆ ಕೋರಿಕೆಗಳ ಹೊತ್ತು. ಯಾರಿಗೆ ಏನು ಬೇಕೋ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳಿದ ಪ್ರತಿಯೊಂದು ಕೋರಿಕೆಗೂ ಎಲ್ಲರೂ ಕೂಡಿ 'ನಮಾನ್ ಮರಿಯೆ' ಎಂದು ಶುರುವಾಗುವ ಮಾತೆಯ ಜಪವನ್ನು ಒಮ್ಮೆ ಹೇಳಲೇಬೇಕು, ಮುಖ್ಯಸ್ಥೆ ಶುರು ಮಾಡಬೇಕು. ಕೋರಿಕೆಯನ್ನು ಬೇಡ ಎನ್ನುವ ಪದ್ಧತಿಯೇ ಇಲ್ಲ. ಒಬ್ಬರು ಮಗನ ಪರೀಕ್ಷೆಗೆ ಕೇಳಿದರು, ಒಬ್ಬರು ವೀಸಾ ನವೀಕರಣಕ್ಕೆ, ಇನ್ನೊಬ್ಬರು ಮಂಡಿನೋವಿಗೆ. ಎಲ್ಲಕ್ಕೂ ಪ್ರಾರ್ಥಿಸಿದೆವು. ಇನ್ನು ಯಾರೂ ಇಲ್ಲ ಎಂದು ಮುಖ್ಯಸ್ಥೆ ಪುಸ್ತಕ ಮುಚ್ಚುವ ಹೊತ್ತಿಗೆ ಅಮ್ಮ ಗಂಟಲು ಸರಿಮಾಡಿಕೊಂಡಳು.

"ನನ್ನ ಮಗಳು ನಾಳೆ ಒಂದು ಹಾವಿನ ಮರಿ ತರ್ತಾಳೆ. ಹೊಸ ಮನೆ ಅಂತ ಅದು ಊಟ ಬಿಡದ ಹಾಗೆ. ನನಗೆ ಅದರ ಹೆದರಿಕೆ ಹೋಗುವ ಹಾಗೆ. ಮಾತೆಯಲ್ಲಿ ಪ್ರಾರ್ಥಿಸುವ."

ಮುಖ್ಯಸ್ಥೆ ನನ್ನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣು ಮುಚ್ಚಿ, ಕೈ ಜೋಡಿಸಿ, ಕಾಯುತ್ತ ಕೂತಿದ್ದಳು. ಎಷ್ಟು ಹೊತ್ತಾದರೂ ಕಾಯುವವಳ ಹಾಗೆ.

"ನಮಾನ್ ಮರಿಯೆ," ಎಂದು ಮುಖ್ಯಸ್ಥೆ ಶುರು ಮಾಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ಜೋರಾಗಿ ಹೇಳಬಾರದು ಎಂದು ಗೊತ್ತಿದ್ದೂ ನಾನು ಎಲ್ಲರಿಗಿಂತ ಜೋರಾಗಿ ಹೇಳಿದೆ.