ಸೊಸೆಯ ಜಡೆಯ ಮೇಲೆ ಹೊತ್ತ ಹರಕೆ

ಪರಿಗಿಯಲ್ಲಿ ನಮ್ಮ ಪಕ್ಕದ ಮನೆಯ ತ್ರಿವೇಣಿ ರವಿಕೆ ಹೊಲಿಯುತ್ತಾಳೆ. ತವರು ಕಲ್ಯಾಣದುರ್ಗದ ಕಡೆ. ಮದುವೆಯಾಗಿ ಬಂದ ದಿನ ಬೀದಿಯ ಹೆಂಗಸರೆಲ್ಲ ಅವಳ ಮುಖಕ್ಕಿಂತ ಮೊದಲು ಜಡೆ ನೋಡಿದ್ದರು. ಸೊಂಟ ದಾಟಿ ಇಳಿಯುತ್ತಿದ್ದ ಜಡೆ ಅದು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಹೋದ ವರ್ಷ ಬೇಸಿಗೆಯಲ್ಲಿ ಅವಳಿಗೆ ಫಿಟ್ಸ್ ಬರಲು ಶುರುವಾಯಿತು. ಹಿಂದೂಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ದಿನವೂ ತಪ್ಪದೆ ನುಂಗುವಂತೆ ಮಾತ್ರೆ ಬರೆದುಕೊಟ್ಟರು. ಅತ್ತೆ ರಂಗಲಕ್ಷ್ಮಮ್ಮ ಬರೀ ಡಾಕ್ಟರ ಮೇಲೆ ಭಾರ ಹಾಕಿ ಕೂರುವವರಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕೈಮುಗಿದು, “ಈ ಕಾಯ್ಲೆ ನಿಂತ್ರೆ ನನ್ ಸೊಸೆ ಬಂದು ಮುಡಿ ಕೊಡ್ತಾಳೆ ಕಣಪ್ಪ ತಿಮ್ಮಪ್ಪ” ಎಂದು ಹರಕೆ ಹೊತ್ತುಬಿಟ್ಟರು. ನಮ್ಮ ಕಡೆ ಇದೇನೂ ಹೊಸದಲ್ಲ. ಮಗುವಿನ ತಲೆ, ಗಂಡನ ತಲೆ, ಯಾರ ತಲೆಯಾದರೂ ನಡೆಯುತ್ತದೆ. ತಲೆಯ ಯಜಮಾನರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮಾತ್ರೆ ನಾಟಿತು, ಫಿಟ್ಸ್ ನಿಂತಿತು. ತಿರುಪತಿಗೆ ಹೊರಡಬೇಕು ಎನ್ನುವಷ್ಟರಲ್ಲಿ ಮಾವ ಗಿರಿಯಪ್ಪ ತೀರಿಕೊಂಡರು. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಬೆಟ್ಟ ಹತ್ತುವಂತಿಲ್ಲ. ಹರಕೆ ಮುಂದಕ್ಕೆ ಹೋಯಿತು.

ಆಮೇಲೆ ಅವಳ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಹೊಲಿಯುತ್ತಿದ್ದ ರವಿಕೆಯ ತೋಳಿನೊಳಗೆ, ಎಲ್ಲೆಲ್ಲೂ ಕೂದಲು. ಬೈತಲೆ ಅಗಲವಾಗಿ ನೆತ್ತಿ ಕಾಣುವಂತಾಯಿತು. ಅಳತೆ ತೆಗೆಯುವಾಗ ಗಿರಾಕಿಗಳ ಮುಂದೆ ತಲೆ ಬಗ್ಗಿಸಲು ನಾಚಿ, ಹುಡುಗಿ ಒಳ್ಳೆ ಸೆಕೆಯಲ್ಲೂ ಸೆರಗು ಹೊದೆಯುತ್ತಿದ್ದಳು. ಬೀದಿಯವರು ಉಪದೇಶಕ್ಕೇನೂ ಕಡಿಮೆ ಮಾಡಲಿಲ್ಲ. ಒಬ್ಬರು ಈರುಳ್ಳಿ ರಸ ಹಚ್ಚು ಎಂದರು, ಇನ್ನೊಬ್ಬರು ಬೋರಿನ ಉಪ್ಪುನೀರಿನ ಮೇಲೆ ತಪ್ಪು ಹೊರಿಸಿದರು. ಎದುರು ಮನೆಯ ಬೀರಕ್ಕ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟು ನಮ್ಮನ್ನೆಲ್ಲ ಕೆಮ್ಮಿಸಿದಳು. ತಲೆ ತುಂಬ ಕೂದಲಿರುವವರಿಗೆ ಬಾಯಿ ತುಂಬ ಬುದ್ಧಿವಾದವೂ ಇರುತ್ತದೆ.

ಒಂದು ದಿನ ರವಿಕೆಯ ಗುಂಡಿಗೆ ಕಾಜಾ ಹಾಕುತ್ತಾ ಕೂತಿದ್ದವಳು ನನ್ನನ್ನು ಕೇಳಿದಳು: “ಶಿರೀಷಕ್ಕ, ವರ್ಷ ತುಂಬೋ ಹೊತ್ಗೆ ತಲೇಲಿ ಏನೂ ಉಳೀದಿದ್ರೆ ತಿಮ್ಮಪ್ಪಂಗೆ ಏನ್ ಕೊಡ್ಲಿ? ಹರಕೆ ತೀರ್ದೆ ಓದ್ರೆ ಕಾಯ್ಲೆ ತಿರುಗಿ ಬತ್ತದಂತೆ.”

ನಾನು ನಕ್ಕೆ. ಅವಳು ನಗಲಿಲ್ಲ.

ಕೆಲವು ಮಾತ್ರೆಗಳಿಂದ ಕೂದಲು ಉದುರುತ್ತದೆ ಎಂದು ಅವಳು ಫೋನಿನಲ್ಲಿ ಎಲ್ಲೋ ನೋಡಿದ್ದಳು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಅತ್ತೆಗೆ ಅನುಮಾನ ಬಾರದಿರಲೆಂದು ದಿನಕ್ಕೊಂದು ಮಾತ್ರೆ ಬಿಡಿಸಿ ಮೋರಿಗೆ ಹಾಕುತ್ತಿದ್ದಳು. ಕಾಯಿಲೆ ನಿಲ್ಲಲೆಂದು ಹೊತ್ತ ಹರಕೆ ತೀರಿಸಲು, ಕಾಯಿಲೆ ನಿಲ್ಲಿಸಿದ್ದ ಮಾತ್ರೆಯನ್ನೇ ಬಿಟ್ಟಳು. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ.

ಹೊಲಿದ ರವಿಕೆಗೆ ಇಸ್ತ್ರಿ ಹಾಕುತ್ತಿದ್ದಾಗ ಫಿಟ್ಸ್ ಬಂತು. ಕಾದ ಪೆಟ್ಟಿಗೆ ಮುಂಗೈ ಮೇಲೆ ಬಿದ್ದು ಚರ್ಮ ಸುಲಿದುಬಂತು. ಅವಳ ಗಂಡ ನರೇಂದ್ರ ಆಟೋ ತಂದ. ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಅತ್ತೆಯನ್ನೂ ಕೂರಿಸಿಕೊಂಡು ಹಿಂದೂಪುರಕ್ಕೆ ಹೋದೆವು.

ಎಚ್ಚರ ಬಂದ ಮೇಲೆ ಡಾಕ್ಟರು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: “ಮಾತ್ರಲು ಆಪೇಶಾವಾ ತಲ್ಲೀ?”

ಮಾತ್ರೆ ನಿಲ್ಲಿಸಿದ್ದನ್ನು ಅವಳು ಒಪ್ಪಿಕೊಂಡಳು. “ಅತ್ತೆ ದೇವ್ರಿಗೆ ಮಾತು ಕೊಟ್ಟವ್ರೆ ಸಾರ್. ಕೂದ್ಲೆಲ್ಲ ಓದ್ರೆ ಅವ್ರ ಮಾತು ಉಳಿಯಲ್ಲ. ಅದ್ಕೇ ಬಿಟ್ಟೆ.”

ರಂಗಲಕ್ಷ್ಮಮ್ಮ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕೂದಲು ಉದುರುವುದಕ್ಕೆ ಮಾತ್ರೆ ಕಾರಣವಿರಬಹುದು, ಮೈಯಲ್ಲಿ ರಕ್ತ ಕಡಿಮೆಯಾಗಿರಲೂಬಹುದು, ಪರೀಕ್ಷೆ ಮಾಡಿ ನೋಡೋಣ, ಬೇಕಾದರೆ ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸೋಣ, ಆದರೆ ಹೇಳದೆ ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಊರು ಸೇರುವವರೆಗೆ ರಂಗಲಕ್ಷ್ಮಮ್ಮ ಸೊಸೆಯ ಸುಟ್ಟ ಕೈಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮಾತ್ರೆ ಬದಲಾಯಿತು. ಫಿಟ್ಸ್ ಮತ್ತೆ ಬರಲಿಲ್ಲ. ಕೂದಲು ಉದುರುವುದು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮಾವನ ವರ್ಷದ ತಿಥಿ ಮುಗಿಸಿಕೊಂಡು ತಿರುಪತಿಗೆ ಹೊರಟಾಗ ನನ್ನನ್ನೂ ಕರೆದರು.

ಮುಡಿ ಕೊಡುವ ಕಟ್ಟೆಯಲ್ಲಿ ತ್ರಿವೇಣಿ ತಲೆ ಒದ್ದೆ ಮಾಡಿಕೊಂಡು ಕೂತಳು. ಕತ್ತಿ ಹಿಡಿದ ಹೆಂಗಸು ಇನ್ನೇನು ಕೈಯಿಡಬೇಕು, ರಂಗಲಕ್ಷ್ಮಮ್ಮ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದರು.

“ಏಳು ಮ್ಯಾಕೆ. ಹರಕೆ ಹೊತ್ತೋಳು ನಾನು. ನಿನ್ ತಲೆ ಒಪ್ಸಾಕೆ ನಾನ್ಯಾರು?”

ತಾವೇ ಆ ಜಾಗದಲ್ಲಿ ಕೂತು, ನರೆತ ತುರುಬು ಬಿಚ್ಚಿದರು. ನರೇಂದ್ರ ಗಾಬರಿಯಾದ. “ಅಮ್ಮ, ಅಪ್ಪ ಓಗಿ ಈಗಿನ್ನೂ ವರ್ಷ. ನೀನು ಬೋಳಿಸ್ಕಂಡು ಬಂದ್ರೆ ಊರೋರು ಏನಂದಾರು?”

“ಅಂದ್ಕಳ್ಳಿ ಬಿಡ್ಲಾ. ಅನ್ನೋರು ಬಂದು ಇವಳ್ನ ಆಟೋದಾಗೆ ಎತ್ತಿ ಹಾಕಿದ್ರಾ?”

ಬಿಳಿ ಕೂದಲು ಗೊಂಚಲು ಗೊಂಚಲಾಗಿ ಮಡಿಲಿಗೆ ಬಿತ್ತು. ತ್ರಿವೇಣಿ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ರಂಗಲಕ್ಷ್ಮಮ್ಮ ಮಾತ್ರ ಕತ್ತಿಯ ಕೆಳಗೆ ಕತ್ತು ಬಗ್ಗಿಸಿಕೊಂಡೇ ಕೇಳಿದರು:

“ಅಳೋದು ಆಮ್ಯಾಕೆ ಇರ್ಲಿ. ಇವತ್ತಿನ ಮಾತ್ರೆ ನುಂಗಿದ್ಯೇನಮ್ಮ?”

ತ್ರಿವೇಣಿ ಚೀಲದಿಂದ ಮಾತ್ರೆ ತೆಗೆದಳು. ಅತ್ತೆಯ ಎದುರಿಗೇ ನುಂಗಿ ನೀರು ಕುಡಿದು, ಮಕ್ಕಳ ಹಾಗೆ ಬಾಯಿ ತೆರೆದು ತೋರಿಸಿದಳು.