ಅವಸರ ಇಲ್ಲ ಎಂದ ಮಾತು

ಹೋದ ವಾರ ಕೆಲಸಕ್ಕೆಂದು ಗಂಗಾವತಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡಳು. ಆ ವಾಸನೆಯ ಹಿಂದೆಯೇ ಕಾರಟಗಿಯ ನಮ್ಮ ಸರ್ಕಾರಿ ಸಾಲಿ, ಮೂರನೇ ತರಗತಿಯ ಕೋಣೆ, ನಮಗೆ ಕನ್ನಡ ಕಲಿಸಿದ ಅಕ್ಕೋರು ಎಲ್ಲ ಬಂದುಬಿಟ್ಟರು… ಅವರ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು.

ಅಕ್ಕೋರು ಉಚ್ಚಾರಕ್ಕೆ ಹೆಸರಾದವರು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಬೈಯುತ್ತಿರಲಿಲ್ಲ. ನಮ್ಮ ಅಂಗೈಯನ್ನು ನಮ್ಮ ಬಾಯಿಯ ಮುಂದೆಯೇ ಹಿಡಿಸಿ ‘ಫಲ’ ಅನ್ನಿಸುತ್ತಿದ್ದರು. ಉಸಿರು ಕೈಗೆ ತಾಕಿದರೆ ಸರಿ, ಇಲ್ಲದಿದ್ದರೆ ಮತ್ತೊಮ್ಮೆ.

ನಾನು ಓದು ಮುಗಿಸಿ ಗಂಗಾವತಿಯ ಒಂದು ಲ್ಯಾಬಿಗೆ ಸೇರಿ ಎರಡು ವರ್ಷವಾಗಿತ್ತು. ಒಂದು ದಿನ ಅಕ್ಕೋರು ಡಾಕ್ಟರ ಚೀಟಿ ಹಿಡಿದು ಅಲ್ಲಿಗೆ ಬಂದರು. ಎಡಗಿವಿಯ ಕೆಳಗೆ ಅಡಿಕೆಯಷ್ಟು ಗಂಟು. ನೋವಿಲ್ಲ. ಹಲ್ಲಿನದಿರಬೇಕೆಂದು ಬಹಳ ದಿನ ಸುಮ್ಮನಿದ್ದರಂತೆ. ಅದು ಹಲ್ಲಿನದಲ್ಲ, ಜೊಲ್ಲಿನ ಗ್ರಂಥಿಯದು. ಸ್ಕ್ಯಾನ್ ಮಾಡಿ ಸೂಜಿ ಪರೀಕ್ಷೆ ಆಗಬೇಕೆಂದು ಚೀಟಿಯಲ್ಲಿತ್ತು.

“ಸೂಜಿ ಚುಚ್ಚಿದ್ರ ಗಂಟು ಕೆರಳಿ ಮೈತುಂಬ ಹರಡತೈತಿ ಅಂತಾರಲ್ಲ, ಖರೇನೇನವ್ವ?” ಎಂದು ಕೇಳಿದರು.

“ಇಲ್ರಿ ಅಕ್ಕೋರ. ಕೂದಲೆಳಿಯಂಥ ಸೂಜಿ. ಒಳಗ ಏನೈತಿ ಅಂತ ತಿಳಿಯೂದು ಅದರಿಂದನ.”

ನನ್ನ ಮಾತು ನಂಬಿ ಮಲಗಿದರು. ಸ್ಕ್ಯಾನಿನ ಡಾಕ್ಟರು ಪರದೆಯ ಮೇಲೆ ಗಂಟನ್ನು ನೋಡುತ್ತಲೇ ಸೂಜಿ ಇಳಿಸಿದರು. ಬಂದ ಹನಿಯನ್ನು ನಾನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಡಾಕ್ಟರ ಮುಂದಿಟ್ಟೆ. “ಕ್ಯಾನ್ಸರ್ ಅಲ್ಲ,” ಎಂದರು ಅವರು. “ಆದ್ರ ತೆಗಸಾಕ ಹೇಳು. ಇಂಥಾವು ವರ್ಷಾನುಗಟ್ಟಲೆ ಬಿಟ್ರ ಕೆಲವೊಮ್ಮೆ ಕೆಡತಾವ.”

ನಾನು ಓಡಿಕೊಂಡು ಹೊರಗೆ ಬಂದೆ. ಕ್ಯಾನ್ಸರ್ ಅಲ್ಲ ಎಂದದ್ದೇ ತಡ ಅಕ್ಕೋರು ನನ್ನ ಕೈ ಹಿಡಿದು ಅತ್ತುಬಿಟ್ಟರು. ತೆಗೆಸಬೇಕೆಂಬುದನ್ನೂ ಹೇಳಿದೆ. ಹೇಳಲಿಲ್ಲ ಅಂತಲ್ಲ… ಅವರು, “ಮಾರಿಯ ನರ ಅದರ ಸನೇಕ ಹಾದೈತಂತ. ಕೊಯ್ಯೂವಾಗ ತಾಕಿದ್ರ ಬಾಯಿ ಸೊಟ್ಟಾಗತೈತಿ ಅಂತ ಚೀಟಿ ಬರದ ಡಾಕ್ಟರು ಅಂದ್ರು. ಆಮ್ಯಾಲೆ ಮಕ್ಕಳಿಗೆ ಏನ್ ಕಲಸಲಿ?” ಎಂದರು. ಅವರ ಮುಖ ನೋಡಲಾಗದೆ, “ಅವಸರ ಏನಿಲ್ಲ ಬಿಡ್ರಿ,” ಎಂದೆ.

ಅವರು ಏಳು ವರ್ಷ ಅವಸರ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಮತ್ತೆ ಬಂದಾಗ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಮೂರು ತಿಂಗಳಲ್ಲಿ ಹಾಗೆ ಬೆಳೆಯಿತಂತೆ, ಜೊತೆಗೆ ನೋವು. ಎಡಗಣ್ಣು ಪೂರಾ ಮುಚ್ಚುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಮಾಡಿಸಿದ ಎಂಆರ್‌ಐ ಚಿತ್ರದಲ್ಲಿ ಗಂಟು ಗ್ರಂಥಿಯ ಆಳಕ್ಕಿಳಿದು ಮುಖದ ನರವನ್ನು ಸುತ್ತಿಕೊಂಡಿತ್ತು. ಎರಡನೇ ಸಲ ಸೂಜಿ ಹಾಕುವಾಗ ಅವರೇ ಕತ್ತು ತಿರುಗಿಸಿ ಕೊಟ್ಟರು. ಡಾಕ್ಟರು ಹಳೆಯ ಗಾಜು, ಹೊಸ ಗಾಜು ಎರಡನ್ನೂ ಬಹಳ ಹೊತ್ತು ನೋಡಿದರು. “ಆವಾಗ ನಾವು ತಪ್ಪು ಓದಿಲ್ಲ. ಆಮ್ಯಾಲೆ ಗಂಟ ಕೆಟ್ಟು ಕ್ಯಾನ್ಸರ್ ಆಗೈತಿ,” ಎಂದರು.

ಆಪರೇಷನ್‌ನಲ್ಲಿ ಗಂಟಿನ ಜೊತೆ ನರವನ್ನೂ ತೆಗೆಯಬೇಕಾಯಿತು. ಆಮೇಲೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಅಷ್ಟರಲ್ಲಿ ರೋಗ ಶ್ವಾಸಕೋಶದಲ್ಲೂ ಕಾಣಿಸಿಕೊಂಡಿತ್ತು.

ಕೊನೆಯ ಸಲ ಕಾರಟಗಿಯ ಅವರ ಮನೆಗೆ ಹೋದಾಗ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ನನ್ನನ್ನು ಕಂಡು ಹೆಸರು ಹಿಡಿದು ಕರೆಯಹೋದರು; ನನ್ನ ಹೆಸರು ಪಕಾರದಿಂದ ಶುರುವಾಗುತ್ತದೆ. ಎಡತುಟಿ ಕೂಡುತ್ತಿರಲಿಲ್ಲ, ಗಾಳಿ ಸೋರಿಹೋಯಿತು. ಅಕ್ಕೋರು ನಾಚಿದರು. ಆಮೇಲೆ ಎರಡು ಬೆರಳಿನಿಂದ ತುಟಿಯ ತುದಿಯನ್ನು ಒತ್ತಿ ಹಿಡಿದು ಮತ್ತೊಮ್ಮೆ ಕರೆದರು. ಈ ಸಲ ಅಕ್ಷರ ಸ್ಪಷ್ಟವಾಗಿ ಬಂತು.

ನನಗೆ ತಡೆಯಲಾಗಲಿಲ್ಲ. “ಅವಸರ ಇಲ್ಲ ಅಂದಾಕಿ ನಾನರಿ ಅಕ್ಕೋರ,” ಎಂದೆ.

ಅವರು ಮತ್ತೆ ತುಟಿ ಹಿಡಿದುಕೊಂಡು, “ನನಗ ಬೇಕಾಗಿದ್ದೂ ಅದ ಮಾತು, ತಂಗಿ. ನೀ ಅನ್ನದಿದ್ರ ಅನ್ನೋರನ್ನ ಹುಡುಕ್ತಿದ್ದೆ,” ಎಂದರು. ಅದು ಕ್ಷಮೆಯೋ, ಸಮಾಧಾನವೋ, ಬರೀ ನಿಜವೋ… ಇವತ್ತಿಗೂ ಗೊತ್ತಾಗಿಲ್ಲ. ಮುಂದಿನ ತಿಂಗಳೇ ಹೋದರು.

ಮೊನ್ನೆ ನವಲಿಯ ರೈತರೊಬ್ಬರು ಇಂಥದೇ ಗಂಟಿನ ವರದಿ ಒಯ್ಯಲು ಬಂದಿದ್ದರು. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಅನ್ನುತ್ತಿದ್ದಂತೆ ಎದ್ದು ನಿಂತರು. ನಾನು ಮತ್ತೆ ಕೂರಿಸಿ ಉಳಿದದ್ದನ್ನು ಹೇಳಿದೆ. “ನಾಟಿ ಮುಗಿಸಿ ನೋಡೋಣ್ರಿ,” ಎಂದರು.

“ನಾಟಿಗೆ ಮನ್ಯಾಗ ಬ್ಯಾರೆಯವರು ಅದಾರಿಲ್ರಿ? ಮೊದಲು ಇದನ್ನ ತೆಗಸ್ರಿ. ತಡಾ ಮಾಡಬ್ಯಾಡ್ರಿ.”

ತಲೆಯಾಡಿಸಿ ಹೋದರು. ತೆಗೆಸಿಕೊಳ್ಳುತ್ತಾರೋ ಇಲ್ಲವೋ. ನಾನಂತೂ ಈಗ ಗಟ್ಟಿಯಾಗಿಯೇ ಹೇಳುತ್ತೇನೆ, ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಕೇಳಬೇಕಾಗಿದ್ದ ಒಬ್ಬರು ಮಾತ್ರ ಇಲ್ಲ.